ಚಿತ್ತಮ್ಮನ ನಾಲ್ಕನೆಯ ರಜಾ ಚೀಟಿ

ನಮ್ಮ ಹಟ್ಟಿಯಿಂದ ಹೈಸ್ಕೂಲಿಗೆ ಹೋದ ಮೊದಲನೆಯ ಹೆಣ್ಣುಮಗಳು ಚಿತ್ತಮ್ಮ. ಕಾಟಯ್ಯ ಮತ್ತು ಯಲ್ಲಕ್ಕನ ಎರಡನೆಯ ಮಗಳು. ನಾನು ಬರೆಯುತ್ತಿರುವುದು ೧೯೭೪ನೆಯ ಇಸವಿಯ ನವೆಂಬರಿನಿಂದ ಮುಂದಿನ ಜೂನ್ ತನಕ ನಡೆದದ್ದು. ಆಗ ಅವಳು ಎಸ್ಸೆಸ್ಸೆಲ್ಸಿಯಲ್ಲಿದ್ದಳು. ಅದೇ ಹೈಸ್ಕೂಲಿನಲ್ಲಿ ಕಸ ಗುಡಿಸಿ ನೀರು ತುಂಬಿಸುವ ಕೆಲಸ ನನ್ನದು. ನನ್ನ ಯಜಮಾನರು ತೀರಿಕೊಂಡ ಮೇಲೆ ಸಿಕ್ಕ ಕೆಲಸ. ನನಗೆ ಕನ್ನಡ ಕೂಡಿಸಿಕೊಂಡು ಓದಲು ಬರುತ್ತದೆ, ನಿಧಾನವಾಗಿ ಬರೆಯಲೂ ಬರುತ್ತದೆ. ಇಂಗ್ಲಿಷ್ ಬಾರದು. ಆದ್ದರಿಂದ ಇಂಗ್ಲಿಷಿನಲ್ಲಿ ಇದ್ದದ್ದನ್ನು ಚಿತ್ತಮ್ಮ ನನಗೆ ಹೇಳಿದಂತೆ ಬರೆದಿದ್ದೇನೆ. ಉಳಿದದ್ದು ನಾನು ಕಂಡದ್ದು.

ಹಿರಿಯೂರಿನಿಂದ ಮಾರಿಕಣಿವೆಗೆ ಹೋಗುವ ರಸ್ತೆಯಲ್ಲಿ ಶಾಲೆಯ ಊರು. ಅಲ್ಲಿಂದ ಎರಡು ಮೈಲಿ ಒಳಗೆ ನಮ್ಮ ಹಟ್ಟಿ. ನಾವು ಕುರಿ ಸಾಕುವ ಗೊಲ್ಲರು. ಹದಿನೇಳು ಮನೆ, ಸುತ್ತಲೂ ಮುಳ್ಳಿನ ಬೇಲಿ. ನಾನೂ ಚಿತ್ತಮ್ಮನೂ ದಿನಾ ಜೊತೆಯಲ್ಲೇ ನಡೆದು ಬರುತ್ತಿದ್ದೆವು.

ಹೆಡ್‌ಮಾಸ್ಟರು ಕಾಟಲಿಂಗಪ್ಪನವರು. ಹೊಸದುರ್ಗದ ಕಡೆಯವರು. ಇಂಗ್ಲಿಷ್ ಪಾಠವೂ ಅವರದೇ. ಹಿಂದಿನ ವರ್ಷ ನಮ್ಮ ಶಾಲೆಯಿಂದ ಪರೀಕ್ಷೆಗೆ ಕೂತವರು ಮೂವತ್ತೊಂದು ಮಂದಿ, ಪಾಸಾದವರು ಒಂಬತ್ತು. ಬಿದ್ದ ಇಪ್ಪತ್ತೆರಡರಲ್ಲಿ ಹತ್ತೊಂಬತ್ತು ಮಂದಿ ಇಂಗ್ಲಿಷ್ ಒಂದರಲ್ಲೇ ಬಿದ್ದವರು. ಚಿತ್ರದುರ್ಗದ ಕಚೇರಿಯಿಂದ ಕಾರಣ ಕೇಳಿ ಕಾಗದ ಬಂದಿತ್ತು. ಆ ಕಾಗದ ಬಂದ ದಿನ ಅವರು ಊಟದ ಡಬ್ಬಿ ತೆಗೆಯಲಿಲ್ಲ.

ಅದಾದ ಮೇಲೆ ಅವರು ಒಂದು ನಿಯಮ ಮಾಡಿದರು. ಅರ್ಧವಾರ್ಷಿಕದಲ್ಲಿ ಇಂಗ್ಲಿಷಿಗೆ ಮೂವತ್ತೈದಕ್ಕೆ ಕಡಿಮೆ ಬಂದವರೆಲ್ಲ ಬೆಳಿಗ್ಗೆ ಎಂಟು ಗಂಟೆಗೆ ಸ್ಪೆಷಲ್ ಕ್ಲಾಸಿಗೆ ಬರಲೇಬೇಕು. ಶನಿವಾರ ಶನಿವಾರ ಟೆಸ್ಟು. ಹತ್ತು ದಿನಕ್ಕಿಂತ ಹೆಚ್ಚು ತಪ್ಪಿಸಿಕೊಂಡವರಿಗೆ ಹಾಲ್ ಟಿಕೆಟ್ ಇಲ್ಲ. ಚಿತ್ತಮ್ಮನಿಗೆ ಬಂದದ್ದು ಇಪ್ಪತ್ತೆಂಟು. ಗಣಿತಕ್ಕೆ ಎಪ್ಪತ್ತೊಂದು ಬಂದಿತ್ತು. ಅದನ್ನು ಯಾರೂ ಕೇಳಲಿಲ್ಲ.

ಅವಳಿಗೆ ಓದಬೇಕೆಂಬ ಆಸೆ ಸುಮ್ಮನೆ ಬಂದದ್ದಲ್ಲ. ಅವಳ ಅಕ್ಕನ ಹೆರಿಗೆಯಲ್ಲಿ ಹಿರಿಯೂರಿನಿಂದ ಒಬ್ಬ ನರ್ಸಮ್ಮ ಬಂದು ತಾಯಿ ಮಗು ಇಬ್ಬರನ್ನೂ ಉಳಿಸಿಕೊಟ್ಟಿದ್ದಳು. ಆ ಕೆಲಸ ಕಲಿಯಬೇಕಾದರೆ ಎಸ್ಸೆಸ್ಸೆಲ್ಸಿ ಆಗಬೇಕೆಂದು ಆ ನರ್ಸಮ್ಮನೇ ಹೇಳಿದ್ದು. ಕಾಟಯ್ಯ ಮಗಳಿಗೆ ಒಂದೇ ಸಲದ ಮಾತು ಕೊಟ್ಟಿದ್ದ. "ಪಾಸಾದ್ರೆ ದುರ್ಗಕ್ಕೆ ಕಳಿಸ್ತೀನಿ. ಇಲ್ದಿದ್ರೆ ಮುಂದಿನ ಉಗಾದಿಯೊಳಗೆ ಮದುವೆ. ಎರಡನೇ ಸಲ ಕಟ್ಟಾದು, ಮೂರನೇ ಸಲ ಕಟ್ಟಾದು ಅನ್ನದು ನಂತಾವ ಇಲ್ಲ."

ಕ್ಲಾಸು ಶುರುವಾದ ಎರಡನೆಯ ವಾರವೇ ತೊಡಕು ಬಂತು. ನಮ್ಮ ಹಟ್ಟಿಯಲ್ಲಿ ಹೆಂಗಸರು ಮುಟ್ಟಾದರೆ ಮೂರು ದಿನ ಬೇಲಿಯ ಒಳಗೆ ಬರುವಂತಿಲ್ಲ. ಆಚೆ ಹೊಂಗೆ ಮರದ ಕೆಳಗೆ ಒಂದು ಗುಡಿಸಲು ಇದೆ, ಅಲ್ಲಿರಬೇಕು. ನಾಲ್ಕನೆಯ ದಿನ ಸ್ನಾನ ಮಾಡಿ ಒಳಗೆ ಬರಬೇಕು. ಚಿತ್ತಮ್ಮನ ಪುಸ್ತಕದ ಚೀಲ ಮನೆಯಲ್ಲಿ ದೇವರ ಪೆಟ್ಟಿಗೆಯ ಮಗ್ಗುಲಿಗೆ ಇರುತ್ತಿತ್ತು, ಅದನ್ನು ಮುಟ್ಟುವ ಹಾಗಿರಲಿಲ್ಲ. ಆ ದಿನಗಳಲ್ಲಿ ಶಾಲೆಗೆ ಹೋಗಬಾರದು ಎಂದು ಯಾರೂ ಹೇಳಿರಲಿಲ್ಲ. ಹೋಗಬಹುದು ಎಂದೂ ಹೇಳಿರಲಿಲ್ಲ. ಮೊದಲು ಯಾರೂ ಹೋಗದೆ ಇದ್ದುದರಿಂದ ಆ ಪ್ರಶ್ನೆಯೇ ಎದ್ದಿರಲಿಲ್ಲ. ಅವಳು ಹೋಗಲಿಲ್ಲ. ಸಾಮಾನ್ಯ ಪಾಠ ತಪ್ಪಿದರೆ ಹಿಂದೆ ಯಾರೂ ಲೆಕ್ಕ ಇಡುತ್ತಿರಲಿಲ್ಲ, ಈಗ ಇಟ್ಟರು.

ತಿರುಗಿ ಬಂದವರು ಇಂಗ್ಲಿಷಿನಲ್ಲಿ ರಜಾ ಚೀಟಿ ಕೊಡಬೇಕು. ಅದೂ ನಿಯಮ. ಗೈಡಿನಲ್ಲಿ ರಜಾ ಚೀಟಿ ಇದ್ದದ್ದು ಒಂದೇ. ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಂ ಫೀವರ್. ಶಾಲೆಯ ಮಕ್ಕಳೆಲ್ಲ ಅದನ್ನೇ ಬರೆಯುತ್ತಿದ್ದರು. ಎಮ್ಮೆ ಕಳೆದುಹೋದರೂ ಫೀವರ್, ಸೋದರಮಾವನ ಮದುವೆಗೆ ಹೋದರೂ ಫೀವರ್. ಕೇಳಿ ಕೇಳಿ ಆ ಸಾಲು ನನಗೂ ಬಾಯಿಪಾಠ ಆಗಿತ್ತು. ಚಿತ್ತಮ್ಮ ನವೆಂಬರಿನಲ್ಲಿ ಒಂದು ಚೀಟಿ ಕೊಟ್ಟಳು, ಡಿಸೆಂಬರಿನಲ್ಲಿ ಒಂದು, ಜನವರಿಯಲ್ಲಿ ಒಂದು. ಮೊದಲ ಎರಡು ತಿಂಗಳಲ್ಲಿ ಸ್ನಾನದ ದಿನವೂ ಸೇರಿ ನಾಲ್ಕು ನಾಲ್ಕು ದಿನ. ಜನವರಿಯಲ್ಲಿ ಮೂರೇ, ನಡುವೆ ಒಂದು ಭಾನುವಾರ ಬಿದ್ದಿತ್ತು. ಒಟ್ಟು ಹನ್ನೊಂದು. ಅದರಲ್ಲಿ ಮೂರು ಶನಿವಾರದ ಟೆಸ್ಟೂ ಹೋದವು.

ಒಂದು ದಿನ ದಾರಿಯಲ್ಲಿ ಕೇಳಿದೆ. "ಇಂಗ್ಲೀಷು ಅಷ್ಟು ಕಷ್ಟವೇನೇ?"

"ಕಲಿಯಾದು ಕಷ್ಟ ಅಲ್ಲ ದೊಡ್ಡವ್ವ," ಎಂದಳು. "ಬೇಡ ಅಂತ ನಾನು ಅನ್ನಲ್ಲ. ಆಸ್ಪತ್ರೆ ಚೀಟಿ ಅದ್ರಾಗೈತೆ, ಔಷಧಿ ಬಾಟ್ಲಿ ಮೇಲೆ ಅದೇ ಐತೆ. ಆದ್ರೆ ಮೂರು ತಿಂಗಳಾತು, ನಿನಗೇನು ಹೇಳಬೇಕೈತೆ ಅಂತ ಸಾರು ಒಂದಿನಾನೂ ಕೇಳಿಲ್ಲ. ಅವ್ರು ಮೊದ್ಲೇ ಹೇಳಿರದನ್ನ ನಾವು ತಿರುಗಿ ಹೇಳಬೇಕು. ಸಮುದ್ರದ ದಂಡೆ ಮೇಲೆ ಒಂದು ದಿನ ಅಂತ ಪ್ರಬಂಧ ಬರಿಸ್ತಾರೆ. ಸಮುದ್ರ ಯಾರು ಕಂಡವ್ರೆ? ಸಾರೇ ಕಂಡಿಲ್ಲ!"

"ಮಾರಿಕಣಿವೆ ಕೆರೆ ನೋಡಿದೀಯಲ್ಲ, ಅದನ್ನೇ ಬರಿ."

"ಬರ್ದೆ. ಸೊನ್ನೆ ಕೊಟ್ರು. ಕೆರೆಗೆ ಅಲೆ ಇರಲ್ಲವಂತೆ."

ಜನವರಿಯ ಚೀಟಿ ಕೊಟ್ಟ ಮರುದಿನ ಹೆಡ್‌ಮಾಸ್ಟರು ಮೂರು ಚೀಟಿಯನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡಿದ್ದರು. ನಾನು ಹೂಜಿ ತುಂಬಿಸಲು ಹೋದಾಗ ಕೇಳಿದರು.

"ಗಿರಿಯಮ್ಮ, ಈ ಹುಡುಗಿಗೆ ಸರಿಯಾಗಿ ತಿಂಗಳಿಗೊಂದು ಸಲ ಜ್ವರ ಬರ್ತೈತೆ. ಮೂರು ನಾಲ್ಕು ದಿನ ಇದ್ದು ತಾನಾಗೇ ಬಿಡ್ತೈತೆ. ಗಮನಿಸಿದೀಯಾ?"

ನಾನು "ಗೊತ್ತಿಲ್ಲ ಸಾರ್" ಎಂದೆ. ಅದು ಸುಳ್ಳು. ಗಂಡಸರ ಎದುರಿಗೆ ಆಡುವ ಮಾತಲ್ಲ ಎಂದು ನಾಲಿಗೆ ತಡೆಯಿತು. ನಾನು ಅಂದು ಹೇಳಿಬಿಟ್ಟಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

"ಇದು ಮಲೇರಿಯಾ," ಎಂದರು ಅವರು. "ಕಾಲುವೆ ನೀರು ನಿಂತು ಸೊಳ್ಳೆ ಎದ್ದಾವೆ. ಪಾಪ, ಹಟ್ಟಿಯೋರಿಗೆ ಏನು ಗೊತ್ತಾಗಬೇಕು." ಅವರ ಮುಖದಲ್ಲಿ ಕೋಪ ಇರಲಿಲ್ಲ, ಮರುಕ ಇತ್ತು. ಅಷ್ಟೇ ಅಲ್ಲ, ಮಲೇರಿಯಾ ಎಂದು ಆಸ್ಪತ್ರೆಯಿಂದ ಬರೆಸಿಕೊಂಡು ಬಂದರೆ ಹನ್ನೊಂದು ದಿನವನ್ನೂ ಮನ್ನಾ ಮಾಡುತ್ತೇನೆಂದು ಕ್ಲಾಸಿನಲ್ಲಿ ಚಿತ್ತಮ್ಮನಿಗೆ ಹೇಳಿದರು. ಹುಡುಗರು ಆವತ್ತಿನಿಂದ ಅವಳಿಗೆ ಫೀವರಮ್ಮ ಎಂದು ಹೆಸರಿಟ್ಟರು. "ಲೇ, ದೂರ ಕುಂತ್ಕಳ್ರೋ, ಫೀವರಮ್ಮ ಬಂದ್ಲು!" ಅವಳು ತಲೆ ಎತ್ತುತ್ತಿರಲಿಲ್ಲ.

ಆ ಭಾನುವಾರ ಮಲೇರಿಯಾ ಪಾಲಯ್ಯ ಸೈಕಲ್ ತಳ್ಳಿಕೊಂಡು ಹಟ್ಟಿಗೆ ಬಂದ. ಸರ್ಕಾರದ ಕಡೆಯಿಂದ ಊರೂರಿಗೆ ಹೋಗಿ ಜ್ವರದವರ ಬೆರಳು ಚುಚ್ಚಿ, ಗಾಜಿನ ಚೂರಿನ ಮೇಲೆ ಒಂದು ತೊಟ್ಟು ರಕ್ತ ತೆಗೆದು ಹಿರಿಯೂರಿಗೆ ಕೊಡುವುದು ಅವನ ಕೆಲಸ. ಬೇಲಿಯ ಹೊರಗೇ ಚಪ್ಪಲಿ ಬಿಟ್ಟ. ತಿಳಿದವನು.

"ನಮ್ಮ ಹಟ್ಟಿಯಾಗೆ ಯಾರಿಗೂ ಜ್ವರ ಇಲ್ಲ ಕಣಪ್ಪ," ಎಂದ ಕಾಟಯ್ಯ. "ಕುರಿಗೂ ಇಲ್ಲ."

"ಶಾಲೆಯಿಂದ ಬರ್ದು ಕಳಿಸವ್ರೆ. ನಿನ್ನ ಮಗಳಿಗೇ ಮೂರು ಸಲ ಬಂದೈತಂತೆ."

ಕಾಟಯ್ಯ ಯಲ್ಲಕ್ಕನ ಮುಖ ನೋಡಿದ. ಯಲ್ಲಕ್ಕ ಮಗಳ ಮುಖ ನೋಡಿದಳು. ಚಿತ್ತಮ್ಮ ಕುರಿ ಕೂಡುವ ರೊಪ್ಪದ ಕಡೆ ನೋಡುತ್ತಿದ್ದಳು. ಪಾಲಯ್ಯ ಯಾರನ್ನೂ ಬಿಡಲಿಲ್ಲ. ಎದೆ ಹಾಲು ಕುಡಿಯುವ ಕೂಸಿನಿಂದ ಹಿಡಿದು ನನ್ನ ತನಕ ಅರವತ್ತಮೂರು ಜನರ ಬೆರಳು ಚುಚ್ಚಿದ, ಎಲ್ಲರಿಗೂ ಕಹಿ ಮಾತ್ರೆ ನುಂಗಿಸಿದ. ಬೊಮ್ಮಕ್ಕ ಎಂಬ ಮುದುಕಿ ಮಾತ್ರೆಯನ್ನು ದವಡೆಯಲ್ಲಿಟ್ಟುಕೊಂಡು ಅವನು ಹೋದ ಮೇಲೆ ಉಗಿದು, "ಯಾವನ್ಲೇ ಹಟ್ಟಿಗೆ ಜ್ವರ ಹಚ್ಚಿದೋನು?" ಎಂದು ಸಂಜೆ ತನಕ ಬೈದಳು. ಬೈಗುಳವೆಲ್ಲ ಚಿತ್ತಮ್ಮನ ಕಿವಿಗೇ ಬೀಳುತ್ತಿತ್ತು.

ಎಂಟು ದಿನಕ್ಕೆ ಹಿರಿಯೂರಿನಿಂದ ಉತ್ತರ ಬಂತು. ಒಬ್ಬರ ರಕ್ತದಲ್ಲೂ ಏನೂ ಇರಲಿಲ್ಲ.

ಈಗ ಹೆಡ್‌ಮಾಸ್ಟರಿಗೆ ನಿಜವಾಗಿ ಸಿಟ್ಟು ಬಂತು. "ಜ್ವರ ಇಲ್ಲ ಅಂದ್ರೆ ಮೂರೂ ಚೀಟಿ ಸುಳ್ಳು. ಎಲ್ಲಿಗೆ ಹೋಗಿದ್ದೆ? ಕುರಿ ಕಾಯಾಕೆ ಕಳಿಸಿದ್ರಾ?" ಅವರು ಹಾಜರಿ ಪುಸ್ತಕ ಬಿಚ್ಚಿದರು. "ಹನ್ನೊಂದು ದಿನ. ಹಾಲ್ ಟಿಕೆಟ್ ಕೊಡಾಕೆ ಬರಲ್ಲ. ನಿನಗೊಬ್ಬಳಿಗೆ ಬಿಟ್ರೆ ನಾಳೆ ಎಲ್ಲರಿಗೂ ಬಿಡಬೇಕಾಗ್ತೈತೆ. ಕಾರಣ ಇದ್ರೆ ಬರ್ದು ಕೊಡು, ಶುಕ್ರವಾರದೊಳಗೆ." ಅಂದು ಸೋಮವಾರ.

ಆ ಸಂಜೆ ರಸ್ತೆಯಲ್ಲಿ ಪಾಲಯ್ಯ ಸಿಕ್ಕಿದ. ವಿಷಯ ಅವನಿಗೂ ಗೊತ್ತಾಗಿತ್ತು. ಒಳ್ಳೆಯ ಮನುಷ್ಯ. ಸೈಕಲ್ ನಿಲ್ಲಿಸಿ ಹೇಳಿದ. "ನೋಡವ್ವ, ರಕ್ತದ ಗಾಜು ಅದಲುಬದಲಾಗಿತ್ತು ಅಂತ ಹೇಳಿ, ನಿಂದು ಮಲೇರಿಯಾನೇ ಅಂತ ಬರಸ್ಕೊಡ್ತೀನಿ. ಒಂದು ಚೀಟಿ ತಾನೇ. ನಿನ್ನ ಓದು ಉಳಿತೈತೆ."

ನಾನು ಒಳ್ಳೆಯದಾಯಿತು ಎಂದುಕೊಂಡೆ. ಚಿತ್ತಮ್ಮ ಕೇಳಿದಳು. "ಮಲೇರಿಯಾ ಅಂತ ಬರದ್ರೆ ಆಮೇಲೆ ಏನು ಮಾಡ್ತೀರಣ್ಣ?"

"ಏನಿಲ್ಲ. ಹಟ್ಟಿಯೋರೆಲ್ಲ ಐದು ದಿನ ಮಾತ್ರೆ ನುಂಗಬೇಕು. ಮನೆಗೋಡೆ, ಕುರಿ ರೊಪ್ಪ ಎಲ್ಲಾದಕ್ಕೂ ಔಷಧಿ ಹೊಡಿತಾರೆ."

"ಈಗ ಮರಿ ಹಾಕೋ ಕಾಲ. ರೊಪ್ಪದಾಗೆ ಇಪ್ಪತ್ತು ಎಳೆ ಮರಿ ಅವೆ, ಗೋಡೆ ನೆಕ್ಕತಾವೆ."

ಪಾಲಯ್ಯ ತಲೆ ಕೆರೆದುಕೊಂಡ. "ಒಂದೆರಡು ಹೋಗಬಹುದು."

"ಬ್ಯಾಡಣ್ಣ," ಎಂದಳು.

ಅವನು ಹೋದ ಮೇಲೆ ನಾನೇ ಅಂದೆ. "ಹಂಗಾದ್ರೆ ನಾನು ಹೇಳ್ತೀನಿ ಬಿಡು ಮೇಷ್ಟ್ರಿಗೆ. ನಾನು ಮುದುಕಿ ಆದೆ, ನನಗೇನು ನಾಚಿಕೆ."

"ನೀನು ಹೇಳಿದ್ರೆ ನೀನು ಹೇಳಿದಂಗಾತು. ಸುಳ್ಳು ಬರದಾಕಿ ನಾನು."

"ನೀನೇ ಹೇಳ್ತೀಯೇನೇ, ಗಂಡಸಿನ ಎದುರಿಗೆ ನಿಂತು?"

ಅವಳು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ಬಾಯಾಗೆ ಹೇಳಾಕೆ ಆಗಲ್ಲ. ಕನ್ನಡದಾಗೆ ಬರಿಯಾಕೂ ಆಗಲ್ಲ, ಕೈ ಏಳಲ್ಲ. ದೊಡ್ಡವ್ವ, ಆಫೀಸ್ ಬೀರುವಿನಾಗೆ ದಪ್ಪ ಡಿಕ್ಷನರಿ ಐತಲ್ಲ, ಅದನ್ನ ಊಟದ ಹೊತ್ತಿಗೆ ಕೊಡಿಸ್ತೀಯಾ?"

ಗುಮಾಸ್ತರನ್ನು ಕೇಳಿ ಕೊಡಿಸಿದೆ. ಮಂಗಳವಾರ, ಬುಧವಾರ, ಗುರುವಾರ ಮೂರು ದಿನ ಊಟದ ಬಿಡುವಿನಲ್ಲಿ ಅವಳು ನೀರಿನ ಕೊಳಗದ ಪಕ್ಕದ ಕಟ್ಟೆಯ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆ ಪುಸ್ತಕದಲ್ಲಿ ಇಂಗ್ಲಿಷ್ ಮಾತು ಮೊದಲು, ಅದರ ಮುಂದೆ ಕನ್ನಡದ ಅರ್ಥ. ಅವಳಿಗೆ ಬೇಕಾದದ್ದು ತಿರುವುಮುರುವು. ಕನ್ನಡ ಅವಳಿಗೆ ಗೊತ್ತು, ಅದರ ಇಂಗ್ಲಿಷ್ ಎಲ್ಲಿದೆಯೋ ಗೊತ್ತಿಲ್ಲ. ಆದ್ದರಿಂದ ಮೊದಲ ಪುಟದಿಂದ ಬಲಗಡೆಯ ಕನ್ನಡವನ್ನು ಬೆರಳಿಟ್ಟು ಓದುತ್ತಾ ಬಂದಳು. ನಡುನಡುವೆ ಬೇರೆ ಮಾತು ಸಿಕ್ಕರೆ ನನಗೂ ಹೇಳುವಳು. ಬೇಲಿಗೆ ಹೀಗನ್ನುತ್ತಾರೆ, ಪದ್ಧತಿಗೆ ಹೀಗನ್ನುತ್ತಾರೆ. ಗುರುವಾರ ಬಿಡುವು ಮುಗಿಯುವ ಗಂಟೆ ಹೊಡೆದಾಗ ಒಂದು ಪುಟದಲ್ಲಿ ಬೆರಳು ನಿಂತಿತು.

"ಸಿಕ್ತು," ಎಂದಳು. "‘ಋತುಸ್ರಾವ’ ಅಂತ ಬರ್ದವ್ರೆ. ಅದೂ ನಮ್ಮ ಮಾತಲ್ಲ ಬಿಡು."

ಶುಕ್ರವಾರ ಅವಳು ಚೀಟಿ ಹಿಡಿದು ಒಳಗೆ ಹೋದಾಗ ನಾನು ಹೂಜಿಯ ಬುಡ ಒರೆಸುತ್ತಾ ಅಲ್ಲೇ ಉಳಿದೆ. ಹದಿನಾಲ್ಕು ಸಾಲಿನ ಚೀಟಿ. ಅದರಲ್ಲಿ ಇದ್ದದ್ದು, ಅವಳು ಆಮೇಲೆ ನನಗೆ ಹೇಳಿದ ಪ್ರಕಾರ, ಇಷ್ಟು:

"ಮಾನ್ಯರೇ, ನನಗೆ ಜ್ವರ ಬಂದಿರಲಿಲ್ಲ. ಹಿಂದಿನ ಮೂರು ಚೀಟಿ ಸುಳ್ಳು. ಅವು ಗೈಡಿನಲ್ಲಿ ಇದ್ದ ಚೀಟಿ. ನಾನು ಋತುವಾದಾಗ ಪ್ರತಿ ತಿಂಗಳು ಮೂರು ದಿನ ಹಟ್ಟಿಯ ಬೇಲಿಯ ಹೊರಗೆ ಇರುತ್ತೇನೆ. ಅದು ನಮ್ಮ ಪದ್ಧತಿ. ನನ್ನ ತಾಯಿಯೂ ಇರುತ್ತಾಳೆ. ಆಗ ಪುಸ್ತಕ ಮುಟ್ಟುವುದಿಲ್ಲ. ಇದು ಕಾಯಿಲೆ ಅಲ್ಲ. ಇದಕ್ಕೆ ಮಾತ್ರೆ ಬೇಡ. ದಯವಿಟ್ಟು ನಮ್ಮ ಹಟ್ಟಿಗೆ ಔಷಧಿ ಹೊಡೆಸಬೇಡಿ. ಮರಿಗಳು ಸಾಯುತ್ತವೆ. ನನಗೆ ಇಂಗ್ಲಿಷ್ ಕಲಿಯಲು ಇಷ್ಟ ಇದೆ. ನಾನು ಪರೀಕ್ಷೆಗೆ ಕೂರಬೇಕು. ತಾವು ಕೇಳಿದ ಕಾರಣ ಇದು."

ಹೆಡ್‌ಮಾಸ್ಟರು ಕೆಂಪು ಶಾಯಿಯ ಪೆನ್ನು ಕೈಯಲ್ಲಿ ಹಿಡಿದೇ ಓದಲು ಶುರು ಮಾಡಿದರು. ಮೊದಲ ಎರಡು ಸಾಲಿನಲ್ಲಿ ಎರಡು ತಪ್ಪು ತಿದ್ದಿದರು. ಆಮೇಲೆ ತಿದ್ದಲಿಲ್ಲ. ಓದಿ ಮುಗಿಸಿ ಕಿಟಕಿಯ ಕಡೆ ತಿರುಗಿಕೊಂಡರು. ಅವರ ಕುತ್ತಿಗೆ ಕೆಂಪಾಗಿತ್ತು.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಗೈಡಿನಾಗೆ ಇರಲಿಲ್ಲ ಸಾರ್."

ಅವಳು ಹಾಸ್ಯ ಮಾಡಲಿಲ್ಲ. ಇದ್ದದ್ದನ್ನೇ ಹೇಳಿದಳು. ಅವರು ಚೀಟಿಯನ್ನು ಮತ್ತೆ ಕೈಗೆತ್ತಿಕೊಂಡು ಕೇಳಿದರು. "ಇಷ್ಟು ಇಂಗ್ಲೀಷು ನಿನಗೆ ಬರ್ತೈತೆ. ಮತ್ತೆ ಟೆಸ್ಟಿನಾಗೆ ಯಾಕೆ ಬರಿಯಲ್ಲ?"

"ಟೆಸ್ಟಿನಾಗೆ ಯಾರೂ ಏನೂ ಕೇಳಲ್ಲ ಸಾರ್. ಬಾಯಿಪಾಠ ಬಂದೈತೋ ಇಲ್ವೋ ಅಷ್ಟೇ ನೋಡ್ತೀರಿ. ಇದು ನೀವು ಕೇಳಿದ್ರಿ. ನಾನೂ ಹೇಳಬೇಕಾಗಿತ್ತು. ಕನ್ನಡದಾಗಾದ್ರೆ ನಿಮ್ಮ ಮುಂದೆ ಸತ್ತರೂ ಬರೀತಿರಲಿಲ್ಲ. ಇಂಗ್ಲೀಷ್ನಾಗೆ ನಾಚಿಕೆ ಆಗಲಿಲ್ಲ. ಆ ಮಾತು ಆಡಿದೆ ಅಂತ ನಮ್ಮವ್ವ ಯಾವತ್ತೂ ನನ್ನ ಬೈದಿಲ್ಲವಲ್ಲ ಸಾರ್, ಅದಕ್ಕೆ."

ನಿಯಮ ಅವರೇ ಮಾಡಿದ್ದು, ಮುರಿಯಲು ಅವರಿಗೆ ಮನಸ್ಸಿರಲಿಲ್ಲ. ಮುರಿದರೆ ಕಾರಣ ಎಲ್ಲರಿಗೂ ಹೇಳಬೇಕಾಗುತ್ತಿತ್ತು. ಅದಕ್ಕೆ ಒಂದು ದಾರಿ ಮಾಡಿದರು. ತಪ್ಪಿದ ಮೂರು ಟೆಸ್ಟನ್ನೂ ಮತ್ತೆ ಬರೆದರೆ ಮೂರು ದಿನ ಹಾಜರಿ ಎಂದು ಬರೆದುಕೊಳ್ಳುತ್ತೇನೆ ಎಂದರು. ಅವಳು ಮೂರನ್ನೂ ಬರೆದಳು, ಹನ್ನೊಂದು ಎಂಟಾಯಿತು. ಫೆಬ್ರವರಿಯಲ್ಲಿ ಅವಳ ದಿನಗಳು ಬಂದಾಗ ಎರಡು ದಿನ ಮಾತ್ರ ತಪ್ಪಿದವು, ಮೂರನೆಯದು ಭಾನುವಾರ, ನಾಲ್ಕನೆಯದು ಊರ ಜಾತ್ರೆಯ ರಜ. ಅಲ್ಲಿಗೆ ಸರಿಯಾಗಿ ಹತ್ತು. ಹಾಲ್ ಟಿಕೆಟ್ ಬಂತು. ಹುಡುಗರು "ಫೀವರಮ್ಮನಿಗೆ ಹೆಂಗೆ ಕೊಟ್ರಿ ಸಾರ್?" ಎಂದು ಕೇಳಿದ್ದಕ್ಕೆ "ವಾಸಿಯಾಗೈತೆ ಕಣ್ರೋ, ಕೂತ್ಕಳ್ರಿ" ಎಂದರಂತೆ.

ಟಿಕೆಟ್ಟಿನ ಜೊತೆ ಪರೀಕ್ಷೆಯ ದಿನಗಳ ಪಟ್ಟಿಯೂ ಬಂತು. ಹಿರಿಯೂರಿನಲ್ಲಿ ಪರೀಕ್ಷೆ. ಚಿತ್ತಮ್ಮ ಬೆರಳು ಮಡಿಸಿ ಎಣಿಸಿದಳು. ನಾನೂ ಎಣಿಸಿದೆ. ಇಂಗ್ಲಿಷ್ ಪತ್ರಿಕೆ ಇದ್ದದ್ದು ಅವಳು ಗುಡಿಸಲಿನಲ್ಲಿ ಇರಬೇಕಾದ ಎರಡನೆಯ ದಿನ.

ಈ ಸಲ ಚೀಟಿಯಲ್ಲಿ ಬರೆದು ಕೊಡುವ ಹಾಗಿರಲಿಲ್ಲ. ಓದುವವರು ಯಾರಿದ್ದರು? ಯಲ್ಲಕ್ಕನಿಗೆ ಹೇಳಿದಳು, ಯಲ್ಲಕ್ಕ ಗಂಡನಿಗೆ ಹೇಳಿದಳು. ಕಾಟಯ್ಯ ಎರಡು ದಿನ ಎಂದಿನಂತೆ ಕುರಿ ಹೊಡೆದುಕೊಂಡು ಹೋಗಿ ಬಂದ. ಮೂರನೆಯ ದಿನ ಬೊಮ್ಮಕ್ಕನ ಮನೆಯ ಮುಂದೆ ನಿಂತು ಕೇಳಿದ. ಹಟ್ಟಿಯಲ್ಲಿ ಹಿರಿಯಳು ಅವಳೇ.

"ಅತ್ತೆ, ಹೊರಗಾದೋರು ಬೇಲಿ ಒಳಗೆ ಬರಬಾರದು, ಸೈ. ಅಲ್ಲಿಂದ ಆಚೆ ಕಡೆ ಹೋಗಬಾರದು ಅಂತ ಯಾರಾದ್ರೂ ಹೇಳವ್ರಾ?"

"ಹೊಲಕ್ಕೆ ಹೋಗ್ತೀವಲ್ಲೋ. ನಾನು ಹೊರಗಾದಾಗ ಮೂರು ದಿನಾನೂ ಕಳೆ ಕಿತ್ತಿದೀನಿ."

"ಹಂಗಾದ್ರೆ ಹಿರಿಯೂರಿಗೆ ಹೋಗಬಹುದು. ಹಿರಿಯೂರಿಗೆ ನಾವು ಬೇಲಿ ಹಾಕಿಲ್ಲ."

"ಪುಸ್ತಕ?" ಎಂದಳು ಬೊಮ್ಮಕ್ಕ. "ದೇವರ ಪೆಟ್ಟಿಗೆ ಪಕ್ಕದ್ದು, ಮುಟ್ಟಿ ಒಳಗೆ ತಂದ್ರೆ ನಾನು ಸುಮ್ಕಿರಲ್ಲ."

"ಒಳಗೆ ತರಾದು ಬ್ಯಾಡ. ಆಚೆಗೆ ಹೋದದ್ದು ಆಚೆಗೇ ಇರ್ಲಿ."

ಬೊಮ್ಮಕ್ಕ ಎಲೆಯಡಿಕೆ ಉಗಿದು "ಹಂಗಾದ್ರೆ ನನಗೇನು" ಎಂದಳು. ನಮ್ಮಲ್ಲಿ ಅದು ಒಪ್ಪಿಗೆ.

ಎಣಿಕೆ ತಪ್ಪಲಿಲ್ಲ. ಹಿಂದಿನ ದಿನ ಬೆಳಿಗ್ಗೆ ಚಿತ್ತಮ್ಮ ಗುಡಿಸಲಿಗೆ ಹೋದಳು. ನಾನು ಇಂಗ್ಲಿಷ್ ಪುಸ್ತಕ, ಹಾಲ್ ಟಿಕೆಟ್, ಪೆನ್ನು ಮೂರನ್ನೂ ಬೇಲಿಯ ಹೊರಗಿನ ಕಲ್ಲಿನ ಮೇಲೆ ಇಟ್ಟು ಬಂದೆ, ಅವಳು ತೆಗೆದುಕೊಂಡಳು. ದಿನವೆಲ್ಲ ಅಲ್ಲಿಂದ ಓದುವ ಧ್ವನಿ ಕೇಳುತ್ತಿತ್ತು. ಪರೀಕ್ಷೆಯ ಬೆಳಿಗ್ಗೆ ಆರಕ್ಕೆ ಅವಳು ರಸ್ತೆಯ ಕಡೆ ನಡೆದಳು. ಹತ್ತು ಮಾರು ಹಿಂದೆ ಯಲ್ಲಕ್ಕ ರೊಟ್ಟಿಯ ಗಂಟು ಹಿಡಿದು ನಡೆದಳು. ಬಸ್ಸಿನಲ್ಲಿ ಯಾರು ಯಾರನ್ನು ಮುಟ್ಟಿದರು ಎಂದು ಯಾರೂ ಕೇಳಲಿಲ್ಲ.

ಜೂನಿನಲ್ಲಿ ಫಲಿತಾಂಶ ಬಂತು. ಸ್ಪೆಷಲ್ ಕ್ಲಾಸಿನ ಇಪ್ಪತ್ತಮೂರು ಮಂದಿಯಲ್ಲಿ ಹದಿಮೂರು ಮಂದಿ ಇಂಗ್ಲಿಷ್ ದಾಟಿದ್ದರು. ಹೆಡ್‌ಮಾಸ್ಟರು ಮಾಡಿದ ಕ್ಲಾಸು ದಂಡವಾಗಲಿಲ್ಲ, ಅದನ್ನೂ ಹೇಳಬೇಕು. ಕಾಟಯ್ಯ ಮಗಳ ಜೊತೆ ಶಾಲೆಗೆ ಬಂದು ಬಾಗಿಲಲ್ಲಿ ನಿಂತ.

"ಇಂಗ್ಲೀಷಿಗೆ ಮೂವತ್ತೆಂಟು, ಕಾಟಯ್ಯ," ಎಂದರು ಹೆಡ್‌ಮಾಸ್ಟರು.

"ಎಷ್ಟಕ್ಕೆ ಸಾಮಿ?"

"ನೂರಕ್ಕೆ."

ಕಾಟಯ್ಯನ ಮುಖ ಬಿತ್ತು. "ನೂರು ಕುರಿ ಹೊಡ್ಕೊಂಡೋಗಿ ಮೂವತ್ತೆಂಟು ವಾಪಸ್ ತಂದ್ರೆ ನಾವು ಮನೆಗೆ ಸೇರಿಸಲ್ಲ ಸಾಮಿ."

"ಪಾಸು ಕಣಯ್ಯ, ಪಾಸು!"

"ಉಳಿದವು ಕಳೆದಿಲ್ಲಪ್ಪ," ಎಂದಳು ಚಿತ್ತಮ್ಮ. "ಅವು ನಮ್ಮ ಮಂದೆಯವೇ ಅಲ್ಲ." ಹೆಡ್‌ಮಾಸ್ಟರು ಜೋರಾಗಿ ನಕ್ಕುಬಿಟ್ಟರು. ಅವರು ನಕ್ಕದ್ದನ್ನು ನಾನು ಕಂಡದ್ದು ಆವತ್ತೇ ಮೊದಲು.

ಅವಳು ಆ ವರ್ಷವೇ ಚಿತ್ರದುರ್ಗಕ್ಕೆ ನರ್ಸ್ ತರಬೇತಿಗೆ ಹೋದಳು. ಕಾಟಯ್ಯ ಮಾತು ಉಳಿಸಿಕೊಂಡ. ಇಂಗ್ಲಿಷ್ ಪುಸ್ತಕ ಮಾತ್ರ ಹೋಗಲಿಲ್ಲ. ಆಚೆ ಹೋದದ್ದು ಒಳಗೆ ಬರುವಂತಿರಲಿಲ್ಲವಲ್ಲ, ಒಂದು ಬಟ್ಟೆಯಲ್ಲಿ ಸುತ್ತಿ ಗುಡಿಸಲಿನ ಸೂರಿನ ಗಳುವಿಗೆ ನೇತುಹಾಕಿದ್ದರು. ಮೂರು ದಿನ ಅಲ್ಲಿ ಕಳೆಯುವ ಹೆಂಗಸರು ಬೇಸರವಾದಾಗ ಅದನ್ನು ಬಿಚ್ಚಿ ಚಿತ್ರ ನೋಡುತ್ತಿದ್ದರು. ಆಮೇಲೆ ಎಂಟನೆಯ ತರಗತಿಗೆ ಸೇರಿದ ಮುದ್ದಕ್ಕ ಎಂಬ ಹುಡುಗಿ ಅಲ್ಲಿರುವಾಗ ಅವರಿಗೆ ಓದಿ ಹೇಳತೊಡಗಿದಳು. ಒಂದು ಮಧ್ಯಾಹ್ನ ನಾನು ಊಟ ಇಡಲು ಹೋದಾಗ ಯಲ್ಲಕ್ಕ ಆ ಪುಸ್ತಕದ ಒಂದು ಪುಟವನ್ನು ದೂರ ಹಿಡಿದು, ಅಕ್ಷರವನ್ನು ಬೆರಳಿನಲ್ಲಿ ನೆಲದ ಮೇಲೆ ಬರೆದು ನೋಡುತ್ತಿದ್ದಳು. ನನ್ನನ್ನು ಕಂಡು ಒರೆಸಲಿಲ್ಲ.